ಮೊಳೆ ಹೊಡೆದು ತೂಗುಹಾಕಲಾಗದ ಚಿತ್ರ

ಕಳೆದ ಸಂಚಿಕೆಯಲ್ಲಿ ಮಾವಿನಕಾಯಿ ಗೊಜ್ಜಿಗೆ ಮೆಂತ್ಯ ಎಷ್ಟು ಅಂತ ಬರೆಯುವುದನ್ನೇ ಮರೆತಿದ್ದೆ. ಅರ್ಧ ಚಮಚ, ಅದೂ ಹುರಿದು ಪುಡಿ ಮಾಡಿದ್ದು. ಕಾಗದ ಬರೆದು ಜ್ಞಾಪಿಸಿದ ಸೋದರಿಯರಿಗೆಲ್ಲ ವಂದನೆಗಳು. ಈ ಸಲ ಹಪ್ಪಳದ ವಿಷಯ ಬರೆಯಬೇಕು ಅಂತಲೇ ಇದ್ದೆ. ಆದರೆ ಉದ್ದಿನ ಹಿಟ್ಟು ಕಲಸಿಟ್ಟ ದಿನವೇ ನಮ್ಮಕ್ಕನ ಫೋನು ಬಂತು. ಆಮೇಲೆ ಹದಿನೈದು ದಿನ ನನ್ನ ತಲೆಯಲ್ಲಿ ಹಪ್ಪಳವೂ ಇಲ್ಲ, ಸಂಡಿಗೆಯೂ ಇಲ್ಲ.

"ನೀನಾದರೂ ಅವಳಿಗೆ ಬುದ್ಧಿ ಹೇಳೇ. ನಿನ್ನ ಮಾತಾದರೆ ಕೇಳ್ತಾಳೆ" ಅಂದಳು ಅಕ್ಕ, ಅಳುವ ದನಿಯಲ್ಲಿ.

ಅವಳು ಅಂದರೆ ಅಕ್ಕನ ಮಗಳು. ಬೆಂಗಳೂರಿನ ಒಂದು ಕಲಾಶಾಲೆಯಲ್ಲಿ ಕೊನೇ ವರ್ಷ ಓದುತ್ತಿದ್ದಾಳೆ. ಭಾವ ತೀರಿಕೊಂಡ ಮೇಲೆ ಅಕ್ಕ ತನ್ನ ನಾಲ್ಕು ಬಳೆಗಳಲ್ಲಿ ಎರಡನ್ನು ಬ್ಯಾಂಕಿನಲ್ಲಿಟ್ಟು ಅವಳ ಫೀಸು ಕಟ್ಟಿದವಳು. ವರ್ಷದ ಕೊನೆಗೆ ಅಲ್ಲಿ ಪ್ರದರ್ಶನ ಇರುತ್ತೆ, ಪ್ರತಿಯೊಬ್ಬರೂ ಒಂದು ಕೃತಿ ಮಾಡಿ ಇಡಬೇಕು. ಬಂಧುಗಳನ್ನೆಲ್ಲ ಕರೆದುಕೊಂಡು ಹೋಗಿ ಗೋಡೆಯ ಮೇಲೆ ಮಗಳ ಚಿತ್ರ ತೋರಿಸಬೇಕು ಅಂತ ಅಕ್ಕನ ಆಸೆ. ಹುಡುಗಿ ಮೊನ್ನೆ ಹೇಳಿದಳಂತೆ, "ನಂದು ಗೋಡೆ ಮೇಲೆ ಇರಲ್ಲಮ್ಮಾ, ಇಂಟರ್‌ನೆಟ್ಟಿನಲ್ಲಿ ಇರುತ್ತೆ" ಅಂತ. "ಅದರ ಫೋಟೋನಾ?" ಅಂತ ಇವಳು ಕೇಳಿದಾಳೆ. "ಫೋಟೋ ಅಲ್ಲ, ಕೃತಿ ಅದೇನೇ."

"ಬಳೆ ಇಟ್ಟದ್ದು ಫೋನಿನಲ್ಲಿ ಪುಕ್ಕಟೆ ನೋಡೋ ಚಿತ್ರಕ್ಕೇನೇ?" ಅಂತ ಅಕ್ಕ ನನ್ನನ್ನು ಕೇಳಿದರೆ ನಾನೇನು ಹೇಳಲಿ?

ನನಗೂ ಮೊದಲು ಹಾಗೇ ಅನ್ನಿಸಿತು, ಸುಳ್ಳು ಯಾಕೆ. ಇಂಟರ್‌ನೆಟ್ ಕಲೆ ಅಂದರೆ ದಿನಾ ಬೆಳಿಗ್ಗೆ ವಾಟ್ಸಪ್ಪಿನಲ್ಲಿ ಬರುವ ಗುಲಾಬಿ ಹೂವು, ಅದರ ಮೇಲೆ ಶುಭೋದಯ, ಮೂಲೆಯಲ್ಲಿ ಎರಡು ಗಿಳಿ. ನನ್ನ ತಿಳುವಳಿಕೆ ಅಷ್ಟೇ ಇತ್ತು. ನಮ್ಮವರನ್ನು ಕೇಳಿದೆ. ಅವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ಮಾತು ಕಡಿಮೆ. "ಚಿತ್ರ ಚಿತ್ರವೇ. ಬಸ್ಸಿನಲ್ಲಿ ಬಂದ ಕೊಬ್ಬರಿ ಒಂದು ಜಾತಿ, ಲಾರಿಯಲ್ಲಿ ಬಂದದ್ದು ಇನ್ನೊಂದು ಜಾತಿ ಅಂತ ಇದೆಯಾ?" ಅಂದರು. ನ್ಯಾಯವಾದ ಮಾತು ಅಂದುಕೊಂಡು ಅದನ್ನೇ ಹುಡುಗಿಗೆ ಹೇಳಲು ಕಂಠಪಾಠ ಮಾಡಿಟ್ಟುಕೊಂಡೆ.

ಶನಿವಾರ ಅವಳೇ ಬಂದಳು. ನಾನು ಉಂಡೆ ಕಟ್ಟುವುದು, ಅವಳು ಒತ್ತುವುದು, ಮಣೆಯ ಪಕ್ಕದಲ್ಲೇ ಲ್ಯಾಪ್‌ಟಾಪು. ಬುದ್ಧಿ ಹೇಳುವ ಮೊದಲು ಅದೇನು ಅಂತ ಒಂದು ಸಲ ನೋಡಿಬಿಡೋಣ ಅಂತ "ತೋರಿಸು" ಅಂದೆ.

ಅವಳು ಮೊದಲು ತೋರಿಸಿದ್ದು ಓಲಿಯಾ ಲಿಯಾಲಿನಾ ಅನ್ನುವ ರಷ್ಯದ ಹೆಣ್ಣುಮಗಳು 1996ರಲ್ಲಿ ಮಾಡಿದ್ದನ್ನು. ಆಕೆ ಮಾಸ್ಕೋದಲ್ಲಿ ಸಿನಿಮಾಗಳ ಬಗ್ಗೆ ಬರೆಯುತ್ತಿದ್ದವಳು. ಕೃತಿಯ ಹೆಸರನ್ನು ಕನ್ನಡದಲ್ಲಿ ಹೇಳಬೇಕೆಂದರೆ 'ನನ್ನ ಗೆಳೆಯ ಯುದ್ಧದಿಂದ ಹಿಂದಿರುಗಿದ' ಅಂತಾಗುತ್ತೆ. ಕಪ್ಪು ಪರದೆ, ಬಿಳೀ ಅಕ್ಷರ. ಮಸುಕಾದ ಒಂದು ಚಿತ್ರದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದಾರೆ. ಅದನ್ನು ಒತ್ತಿದರೆ ಪರದೆ ಎರಡು ಭಾಗವಾಗುತ್ತೆ. ಒಂದು ಭಾಗವನ್ನು ಒತ್ತಿದರೆ ಅದು ಮತ್ತೆ ಸೀಳಿ ಇನ್ನೂ ಸಣ್ಣ ಚೌಕಗಳಾಗುತ್ತೆ. ಒಂದು ಚೌಕದಲ್ಲಿ ಮದುವೆಯ ಮಾತು, ಇನ್ನೊಂದರಲ್ಲಿ ಅನುಮಾನ, ಮತ್ತೊಂದರಲ್ಲಿ ಕ್ಷಮೆ. ಯಾವ ಮಾತು ಯಾರದು ಅಂತ ಬರೆದಿಲ್ಲ. ಯಾವುದನ್ನು ಮೊದಲು ಒತ್ತಬೇಕು ಅಂತಲೂ ಇಲ್ಲ. ಒತ್ತುತ್ತಾ ಹೋದ ಹಾಗೆ ಮಾತು ಮುಗಿದ ಚೌಕಗಳು ಬರಿದಾಗಿ, ಕೊನೆಗೆ ಕಪ್ಪು ಖಾನೆಗಳು ಉಳಿಯುತ್ತವೆ.

ನಮ್ಮ ಸೋದರತ್ತೆಯ ಮಗ ಸೈನ್ಯದಲ್ಲಿದ್ದ. ರಜಕ್ಕೆ ಬಂದಾಗ ಮೊದಲೆರಡು ದಿನ ಗಂಡ ಹೆಂಡತಿ ಜಗಲಿಯ ಎರಡು ತುದಿಯಲ್ಲಿ ಕೂತಿರುತ್ತಿದ್ದರು. ಅವರ ನಡುವೆ ಏನಿತ್ತು ಅಂತ ಆಗ ನಮಗೆ ತಿಳಿಯುತ್ತಿರಲಿಲ್ಲ. ಹಿಟ್ಟು ಮೆತ್ತಿದ ಬೆರಳಿನಲ್ಲಿ ಆ ಚೌಕಗಳನ್ನು ಒತ್ತುತ್ತಾ ನನಗೆ ಆ ಜಗಲಿ ನೆನಪಾಯಿತು.

"ಇದನ್ನೇ ಪುಸ್ತಕದಲ್ಲಿ ಅಚ್ಚು ಹಾಕಬಹುದಲ್ಲ" ಅಂದೆ, ಸೋಲಬಾರದು ಅಂತ. "ಹಾಕಿ ನೋಡು ಚಿಕ್ಕಮ್ಮ" ಅಂದಳು. ಯೋಚಿಸಿದರೆ ಆಗುವುದಿಲ್ಲ. ನಾನು ಒತ್ತಿದ ಕ್ರಮದಲ್ಲಿ ಮದುವೆಯ ಮಾತು ಮೊದಲು ಬಂತು, ಜಗಳ ಆಮೇಲೆ. ಅವಳು ಒತ್ತಿದಾಗ ಜಗಳ ಮೊದಲು. ಅಚ್ಚು ಹಾಕಿದರೆ ಯಾರೋ ಒಬ್ಬರ ಕ್ರಮ ಮಾತ್ರ ಉಳಿಯುತ್ತೆ. ಇನ್ನೊಂದು ಸಂಗತಿ ಹೇಳಿದಳು. 1996ರಲ್ಲಿ ಇಂಟರ್‌ನೆಟ್ ಬರುತ್ತಿದ್ದದ್ದು ಫೋನಿನ ತಂತಿಯಲ್ಲಿ, ಬಲು ನಿಧಾನ. ಒಂದು ಚೌಕ ಒತ್ತಿ, ಮುಂದಿನ ಚಿತ್ರ ಬರುವವರೆಗೆ ಕಾಯಬೇಕಿತ್ತು. ಪ್ರಶ್ನೆ ಕೇಳಿದ ಮೇಲೆ ಎದುರಿಗೆ ಕೂತವರು ಉತ್ತರ ಕೊಡದೆ ಸುಮ್ಮನಿರುತ್ತಾರಲ್ಲ, ಆ ಹೊತ್ತಿನ ಹಾಗೆ. ನಮ್ಮ ದೇಶದಲ್ಲಿ ಸಾಮಾನ್ಯ ಜನಕ್ಕೆ ಇಂಟರ್‌ನೆಟ್ ಕೊಡಲು ಶುರು ಮಾಡಿದ್ದೇ 1995ರ ಆಗಸ್ಟ್ 15ರಂದು. ನಾನು ಆಗ ಹೈಸ್ಕೂಲು, ನಮ್ಮೂರಿಗೆ ಎಸ್.ಟಿ.ಡಿ. ಬೂತು ಬಂದದ್ದೇ ನಮಗೆ ದೊಡ್ಡ ಹಬ್ಬ!

ನಮ್ಮವರ ಕೊಬ್ಬರಿಯ ನ್ಯಾಯ ನನಗೆ ಅಲ್ಲೇ ಸ್ವಲ್ಪ ಅಲ್ಲಾಡಿತು. ರೇಡಿಯೋ ನಾಟಕ ನೆನಪಿದೆಯಲ್ಲ ನಿಮಗೆ? ರಂಗದ ಮೇಲೆ ಆಡಿದ ನಾಟಕವನ್ನು ಹಾಗೇ ರೆಕಾರ್ಡು ಮಾಡಿ ಆಕಾಶವಾಣಿಯಲ್ಲಿ ಹಾಕಿದರೆ ಅದು ರೇಡಿಯೋ ನಾಟಕವಲ್ಲ. ಕಿವಿಗೆ ಅಂತಲೇ ಬರೆದದ್ದು ರೇಡಿಯೋ ನಾಟಕ. ಬಾಗಿಲು ಕಿರ್ ಅಂದರೆ ಯಾರೋ ಒಳಗೆ ಬಂದರು ಅಂತ ನಾವು ಸಾರು ಕುದಿಸುತ್ತಲೇ ತಿಳಿದುಕೊಳ್ಳುತ್ತಿದ್ದೆವು. ಅದೇ ನಾಟಕವನ್ನು ರಂಗದ ಮೇಲೆ ಆಡಿದರೆ ಸಪ್ಪೆ. ಅಲ್ಲಿ ರೇಡಿಯೋ ಬರೀ ಲಾರಿ ಅಲ್ಲ, ನಾಟಕದ ಒಂದು ಪಾತ್ರವೇ ಆಗಿತ್ತು. ಹಾಗಾದರೆ ಇಂಟರ್‌ನೆಟ್ಟನ್ನೂ ಹೀಗೇ ಪರೀಕ್ಷೆ ಮಾಡಬಹುದು. ಅದನ್ನು ತೆಗೆದುಬಿಟ್ಟರೆ ಕೃತಿ ಉಳಿಯುತ್ತದೆಯೋ ಇಲ್ಲವೋ ನೋಡುವುದು. ಉಳಿದರೆ ಅದು ಲಾರಿಯಲ್ಲಿ ಬಂದ ಕೊಬ್ಬರಿ. ಉಳಿಯದಿದ್ದರೆ ಅದು ಬೇರೆ ಏನೋ.

ಈ ಪರೀಕ್ಷೆ ಸಿಕ್ಕಿದ ಮೇಲೆ ನನಗೆ ಧೈರ್ಯ ಬಂತು. "ಅದೇನೋ 500 ಕೋಟಿಗೆ ಹೋಯಿತಂತಲ್ಲ, ಅದು?" ಅಂದೆ. ಪೇಪರಿನಲ್ಲಿ ಓದಿದ್ದೆ. 2021ರ ಮಾರ್ಚ್‌ನಲ್ಲಿ ಕ್ರಿಸ್ಟೀಸ್ ಹರಾಜಿನವರು ಬೀಪಲ್ ಅನ್ನುವ ಅಮೆರಿಕದವನ ಕೃತಿಯನ್ನು 6 ಕೋಟಿ 93 ಲಕ್ಷ ಡಾಲರಿಗೆ ಮಾರಿದರು. ದಿನಕ್ಕೊಂದರಂತೆ ಮಾಡಿದ 5000 ಚಿತ್ರಗಳನ್ನು ಸೇರಿಸಿ ಒಂದೇ ಮಾಡಿದ್ದಂತೆ. ಒಂದು ದಿನವೂ ಬಿಡದೆ ಹದಿಮೂರು ವರ್ಷದ ಮೇಲೆ ಮಾಡಿದ್ದು ದೊಡ್ಡ ಸಾಧನೆಯೇ, ಅದಕ್ಕೆ ನನ್ನ ನಮಸ್ಕಾರ. ಆದರೆ ಅದನ್ನು ದೊಡ್ಡ ಕಾಗದದಲ್ಲಿ ಅಚ್ಚು ಹಾಕಿ ಮೊಳೆ ಹೊಡೆದು ತೂಗುಹಾಕಬಹುದು. ಅದು ಕಂಪ್ಯೂಟರಿನಲ್ಲಿ ಬರೆದ ಚಿತ್ರ, ಇಂಟರ್‌ನೆಟ್ಟಿನಲ್ಲಿ ಮಾರಿದ ಚಿತ್ರ, ಅಷ್ಟೇ. ಬೆಲೆ ಎಷ್ಟು ಅನ್ನುವುದರಿಂದ ಜಾತಿ ತಿಳಿಯುವುದಿಲ್ಲ. ಇದನ್ನು ನಮ್ಮವರೂ ಒಪ್ಪಿದರು.

ಆಮೇಲೆ ಒಂದು ವಾಕ್ಯ ತೋರಿಸಿದಳು. ನಿಜವಾಗಿ ಒಂದೇ ವಾಕ್ಯ! ಡಗ್ಲಸ್ ಡೇವಿಸ್ ಅನ್ನುವ ಅಮೆರಿಕದ ಕಲಾವಿದ 1994ರಲ್ಲಿ ಶುರು ಮಾಡಿದ್ದು. ಯಾರು ಬೇಕಾದರೂ ಬಂದು ತಮ್ಮ ಮಾತು ಸೇರಿಸಬಹುದು, ಪೂರ್ಣವಿರಾಮ ಮಾತ್ರ ಹಾಕುವ ಹಾಗಿಲ್ಲ. ಎಲ್ಲೆಲ್ಲಿಯ ಜನವೋ ಪ್ರೀತಿ, ಬೈಗುಳ, ಪೋಲಿ ಮಾತು, ಅಳಲು ಎಲ್ಲ ಸುರಿದಿದ್ದಾರೆ. ಓದಿದರೆ ನಮ್ಮ ಸಂತೆಯ ದಿನದ ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗಿರುತ್ತೆ. 1995ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿಗೆ ಅದು ಸೇರಿತು. ಕಾಲ ಕಳೆದ ಹಾಗೆ ಕಂಪ್ಯೂಟರುಗಳು ಬದಲಾಗಿ ವಾಕ್ಯ ಕೆಟ್ಟು ಕೂತಿತು. 2013ರಲ್ಲಿ ಮ್ಯೂಸಿಯಂನವರು ರಿಪೇರಿ ಮಾಡಿಸಿದರು. ಹಳೆಯದನ್ನು ಹಾಳಾದ ಹಾಗೇ ಒಂದು ಕಡೆ ಇಟ್ಟು, ಜನ ಮುಂದಕ್ಕೆ ಬರೆಯಲು ಇನ್ನೊಂದು ಪ್ರತಿ ಮಾಡಿದರು. ನಮ್ಮಲ್ಲಿ ಹಳೇ ದೇವಸ್ಥಾನದ ಭಿನ್ನವಾದ ಮೂರ್ತಿಯನ್ನು ಪ್ರಾಕಾರದಲ್ಲಿಟ್ಟು ಹೊಸದನ್ನು ಪ್ರತಿಷ್ಠೆ ಮಾಡುವುದಿಲ್ಲವೇ, ಹಾಗೆ.

ಇಷ್ಟೆಲ್ಲ ಆದರೂ ನಾನು ಪೂರ್ತಿ ಒಪ್ಪಿಬಿಟ್ಟೆ ಅಂತ ತಿಳಿಯಬೇಡಿ. ಹಲವರು ಸೇರಿ ಒಂದನ್ನು ಕಟ್ಟುವುದು ಹೊಸದೇನಲ್ಲ. ಸೋಬಾನೆ ಹಾಡಿಗೆ ಒಬ್ಬೊಬ್ಬರು ಒಂದೊಂದು ನುಡಿ ಸೇರಿಸುತ್ತಾ ಬಂದಿಲ್ಲವೇ? ಅದನ್ನೇ ಕೇಳಿದೆ. ಹುಡುಗಿ ಬುದ್ಧಿವಂತೆ, ನನ್ನ ಪರವಾಗಿ ಅವಳೇ ಇನ್ನೊಂದು ಸಾಕ್ಷಿ ಕೊಟ್ಟಳು. ಅಮೆರಿಕದ ರೇ ಜಾನ್ಸನ್ ಅನ್ನುವವನು ಇಂಟರ್‌ನೆಟ್ಟಿಗೆ ಎಷ್ಟೋ ಮುಂಚೆ ಚಿತ್ರ ಬರೆದ ಕಾಗದಗಳನ್ನು ಅಂಚೆಯಲ್ಲಿ ಕಳಿಸಿ, ನೀವೂ ಏನಾದರೂ ಸೇರಿಸಿ ಕಳಿಸಿ ಅಂತ ಕೇಳುತ್ತಿದ್ದನಂತೆ. ಅಂಚೆ ಕಲೆ ಅಂತಲೇ ಅದಕ್ಕೆ ಹೆಸರು. ಅಂದಮೇಲೆ ಇಂಟರ್‌ನೆಟ್ ಕಲೆ ಆಕಾಶದಿಂದ ಉದುರಿದ್ದಲ್ಲ, ಅದಕ್ಕೂ ಅಜ್ಜಿ ಇದ್ದಾಳೆ. ಅಜ್ಜಿ ಇದ್ದಾಳೆ ಅಂದ ಮಾತ್ರಕ್ಕೆ ಮೊಮ್ಮಗಳು ಬೇರೆ ಮನುಷ್ಯಳಲ್ಲ ಅನ್ನುವುದಕ್ಕೂ ಆಗುವುದಿಲ್ಲ ಅನ್ನಿ.

ಕೆಲವು ನನಗೆ ಹಿಡಿಸಲೇ ಇಲ್ಲ. ಆರನ್ ಕೋಬ್ಲಿನ್ ಅನ್ನುವವನು 2006ರಲ್ಲಿ ಇಂಟರ್‌ನೆಟ್ಟಿನಲ್ಲಿ ಚಿಲ್ಲರೆ ಕೆಲಸ ಮಾಡುವ ಜನಕ್ಕೆ, ಎಡಕ್ಕೆ ಮುಖ ಮಾಡಿದ ಕುರಿ ಬರೆದುಕೊಡಿ ಅಂತ ಹೇಳಿ 10,000 ಕುರಿ ಬರೆಸಿಕೊಂಡ. ಒಂದು ಕುರಿಗೆ ಕೊಟ್ಟದ್ದು 2 ಸೆಂಟು, ಆಗಿನ ಲೆಕ್ಕಕ್ಕೆ ಒಂದು ರೂಪಾಯಿಯೂ ಇಲ್ಲ. ಕುರಿಗಳು ಚೆಂದವೇ ಚೆಂದ, ಒಂದಕ್ಕೆ ಕಾಲೇ ಇಲ್ಲ, ಒಂದು ಹಂದಿಯ ಹಾಗಿದೆ. ಕೆಲಸಗಾರರಿಗೆ ಎಷ್ಟು ಕಡಿಮೆ ಕೊಡುತ್ತಾರೆ ಅಂತ ತೋರಿಸುವುದಕ್ಕೇ ಹಾಗೆ ಮಾಡಿದ್ದು ಅಂತ ಹುಡುಗಿ ವಾದ. ಇರಬಹುದಪ್ಪ. ಆದರೆ ಸಾವಿರಾರು ಕೈ ಬರೆದದ್ದಕ್ಕೆ ಹೆಸರು ಒಂದೇ. ನಮ್ಮೂರ ಬೀಡಿ ಕಟ್ಟುವ ಹೆಂಗಸರು ನನ್ನ ಕಣ್ಣ ಮುಂದೆ ಬಂದರು.

ಅಮಾಲಿಯಾ ಉಲ್ಮನ್ ಅನ್ನುವವಳದ್ದು ಮಾತ್ರ ನಮ್ಮ ಓದುಗರಿಗೆಲ್ಲ ಹೇಳಬೇಕಾದದ್ದು. ಅವಳು 2014ರಲ್ಲಿ ತಿಂಗಳುಗಟ್ಟಲೆ ಇನ್‌ಸ್ಟಾಗ್ರಾಂನಲ್ಲಿ ತನ್ನ ಫೋಟೋ ಹಾಕುತ್ತಾ ಹೋದಳು. ಮೊದಲು ದೊಡ್ಡ ಊರಿಗೆ ಬಂದ ಮುದ್ದು ಹುಡುಗಿ, ಆಮೇಲೆ ಕೆಟ್ಟುಹೋದವಳು, ಅಂದ ಹೆಚ್ಚಿಸಿಕೊಳ್ಳಲು ಆಪರೇಷನ್ ಮಾಡಿಸಿಕೊಂಡವಳು, ಅತ್ತವಳು, ಕೊನೆಗೆ ಯೋಗ, ಒಳ್ಳೇ ಊಟ ಅಂತ ಸುಧಾರಿಸಿದವಳು. ಸಾವಿರಾರು ಜನ ನಂಬಿ ಮರುಗಿದರು, ಬೈದರು. ಎಲ್ಲ ಆದ ಮೇಲೆ ಇದು ನಾಟಕ ಅಂತ ತಿಳಿಸಿದಳು. 2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಆ ಫೋಟೋಗಳನ್ನು ಪ್ರದರ್ಶಿಸಿದರು. ಗೋಡೆಯ ಮೇಲೆ ಅವು ಬರೀ ಫೋಟೋ ಅಂತ ನನ್ನ ಅಭಿಪ್ರಾಯ. ನಾಳೆ ಏನು ಹಾಕುತ್ತಾಳೋ ಅಂತ ಜನ ಕಾದರಲ್ಲ, ಅದರಲ್ಲಿತ್ತು ಕಲೆ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತು ಕಣ್ಣೀರು ಹಾಕಿದವರೇ ಹತ್ತು ನಿಮಿಷ ಬಿಟ್ಟು ಸ್ಟೇಟಸ್ಸಿನಲ್ಲಿ ಹಲ್ಲು ಬಿಟ್ಟಿರುವುದನ್ನು ನಾವು ನೋಡಿಲ್ಲವೇ? ನಾನೂ ಅದರಲ್ಲಿ ಒಬ್ಬಳೇ.

ಇನ್ನು ನನ್ನನ್ನು ಹಿಡಿದು ಕೂರಿಸಿದ್ದು ಯಾವುದು ಅಂದರೆ, ಮಿರಾಂಡಾ ಜುಲೈ ಮತ್ತು ಹ್ಯಾರೆಲ್ ಫ್ಲೆಚರ್ ಅನ್ನುವ ಇಬ್ಬರು 2002ರಿಂದ 2009ರವರೆಗೆ ನಡೆಸಿದ್ದು. ಅವರು ಚಿತ್ರ ಬರೆಯಲೇ ಇಲ್ಲ. ಮನೆಪಾಠ ಕೊಟ್ಟರು! ಮಂಚದ ಕೆಳಗಿನ ಫೋಟೋ ತೆಗೆಯಿರಿ, ನಿಮ್ಮ ಮೈಮೇಲಿನ ಒಂದು ಗಾಯದ ಕಲೆಯ ಫೋಟೋ ತೆಗೆದು ಅದರ ಕತೆ ಬರೆಯಿರಿ, ನಿಮ್ಮ ತಂದೆ ತಾಯಿ ಮುತ್ತು ಕೊಡುವ ಫೋಟೋ ತೆಗೆಯಿರಿ (ಶಿವಶಿವಾ!) ಅಂತ 70 ಪಾಠ. ಯಾರು ಬೇಕಾದರೂ ಮಾಡಿ ಕಳಿಸಬಹುದು. 8000ಕ್ಕೂ ಹೆಚ್ಚು ಜನ ಕಳಿಸಿದರು, ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಪಕ್ಕಪಕ್ಕ ಇಟ್ಟರು. ಈಗ ಅದು ಸ್ಯಾನ್ ಫ್ರಾನ್ಸಿಸ್ಕೋದ ಆಧುನಿಕ ಕಲಾ ಮ್ಯೂಸಿಯಮ್ಮಿನ ವಶದಲ್ಲಿದೆ.

ಆ ಪಾಠಗಳಲ್ಲಿ ಒಂದು ಹೀಗಿದೆ. ನೀವು ಏನು ಮಾಡುತ್ತೀರಿ ಅಂತ ನಿಮ್ಮ ಮನೆಯವರನ್ನೇ ಹೇಳಲು ಕೇಳಬೇಕು.

ನಾನು ಉಂಡೆ ಕಟ್ಟುವುದನ್ನು ನಿಲ್ಲಿಸಿದೆ. ಈಗ ಕಳಿಸುವುದಕ್ಕೆ ಜಾಗ ಇಲ್ಲ, ಆದರೂ ಕೇಳಿಬಿಡೋಣ ಅನ್ನಿಸಿತು. ರಾತ್ರಿ ಊಟವಾದ ಮೇಲೆ ಮೂವರಿಗೂ ಒಂದೊಂದು ಚೀಟಿ ಕೊಟ್ಟೆ. ನಮ್ಮವರು ಮಂಡಿಯ ರಸೀದಿಯ ಹಿಂದೆ ಬರೆದರು, 'ಅಡುಗೆ. ಮನೆ. ಪತ್ರಿಕೆಗೆ ಏನೋ ಬರೆಯುತ್ತಾಳೆ.' ಮೂರು ಪದಾರ್ಥದ ಬಿಲ್ಲು ಇದ್ದ ಹಾಗಿತ್ತು. ಪಿ.ಯು.ಸಿ. ಓದುವ ಮಗ, 'ಯಾವ ಸಾಮಾನು ಎಲ್ಲಿದೆ ಅಂತ ಗೊತ್ತಿರೋದು ಅಮ್ಮಂಗೆ ಮಾತ್ರ' ಅಂತ ಬರೆದ. ಅತ್ತೆಯವರಿಗೆ ಬರೆಯಲು ಬರುವುದಿಲ್ಲ, ಹುಡುಗಿಯ ಹತ್ತಿರ ಹೇಳಿ ಬರೆಸಿದರು. "ರಾತ್ರಿ ನಾನು ಕೆಮ್ಮಿದರೆ ಎದ್ದು ಬರ್ತಾಳೆ. ನನ್ನ ಕಣ್ಣಿಗೆ ಚುಚ್ಚಬಾರದು ಅಂತ ದೀಪ ಹಾಕದೇನೇ ಬರ್ತಾಳೆ. ಬಿಸಿನೀರು ಕೊಟ್ಟು ಹೋಗ್ತಾಳೆ. ಬೆಳಿಗ್ಗೆ ಅದರ ಮಾತು ಆಡಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಅತ್ತೆ ಇದನ್ನು ನನಗೆ ಹೇಳಿರಲಿಲ್ಲ. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಇದಕ್ಕೆ ಇಂಟರ್‌ನೆಟ್ ಯಾಕೆ ಬೇಕು, ಮೂರು ಚೀಟಿ ಸಾಕಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಹುಡುಗಿ ಲ್ಯಾಪ್‌ಟಾಪು ತೆರೆದು ಬೇರೆಯವರು ಕಳಿಸಿದ್ದನ್ನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಎಲ್ಲೋ ಇರುವ ಯಾರದೋ ಗಂಡ, ಯಾರದೋ ಅಮ್ಮ, ತಮ್ಮ ಮನೆಯವರ ಬಗ್ಗೆ ಹೇಳಿದ ಮಾತುಗಳು. ನನ್ನ ಚೀಟಿ ಒಂದೇ ಇದ್ದರೆ ಅದು ನಮ್ಮ ಮನೆಯ ಮಾತು. ಅಷ್ಟು ಜನದ್ದರ ಸಾಲಿನಲ್ಲಿ ಇಟ್ಟಾಗ ಅದು ಬೇರೆ ಏನೋ ಆಗುತ್ತೆ. ಆ ಸಾಲನ್ನು ಯಾವ ಗೋಡೆಯ ಮೇಲೆ ತೂಗುಹಾಕುತ್ತೀರಿ?

ಒಂದು ಚಿಂತೆ ಮಾತ್ರ ನನಗೆ ಹೋಗಿಲ್ಲ. ಬೇಲೂರಿನ ಕಲ್ಲು ಒಂಬೈನೂರು ವರ್ಷ ನಿಂತಿದೆ. ಇವು ಎಷ್ಟು ದಿನ? ಫ್ಲ್ಯಾಶ್ ಅನ್ನುವ ಸಾಫ್ಟ್‌ವೇರಿನಲ್ಲಿ ಜನ ಎಷ್ಟೋ ಕೃತಿಗಳನ್ನು ಮಾಡಿದ್ದರು. ಅಡೋಬ್ ಕಂಪನಿ ಅದನ್ನು 2020ರ ಕೊನೆಗೆ ನಿಲ್ಲಿಸಿತು, ಬಹಳಷ್ಟು ತೆರೆಯದಂತಾದವು. ನ್ಯೂಯಾರ್ಕಿನಲ್ಲಿ ರೈಜೋಮ್ ಅನ್ನುವ ಸಂಸ್ಥೆ 2016ರಿಂದ ಇಂಥ 100 ಕೃತಿಗಳನ್ನು ಆರಿಸಿ, ಹಳೇ ಕಂಪ್ಯೂಟರಿನ ವೇಷ ಹಾಕಿಸಿ ಆದರೂ ಉಳಿಸುತ್ತಾ ಬಂತು. ಲಿಯಾಲಿನಾದೂ ಅದರಲ್ಲಿದೆ. ಕಲಾವಿದೆ ಬೇಡ ಅಂತ ಅಳಿಸಿದರೆ ಒಂದು ಮಾತು. ಯಾವುದೋ ಕಂಪನಿ ಬಾಗಿಲು ಹಾಕಿದ್ದಕ್ಕೆ ಅಳಿಸಿಹೋದರೆ ಅದು ಅನ್ಯಾಯ.

"ನಂದು ದಿನಾ ಅಳಿಸಿ ಹೋಗುತ್ತೆ ಚಿಕ್ಕಮ್ಮ. ನಾನೇ ಅಳಿಸೋದು" ಅಂದಳು ಹುಡುಗಿ. ಆಗಲೇ ಅವಳ ಕೃತಿ ತೋರಿಸಿದ್ದು.

ಪರದೆಯ ಮೇಲೆ ಚುಕ್ಕಿ ಇಟ್ಟಿದೆ. 21 ಚುಕ್ಕಿ, ಸಂದು ಚುಕ್ಕಿಯಾಗಿ 11 ಬರುವವರೆಗೆ. ಸಂಜೆಯಿಂದ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಒಬ್ಬೊಬ್ಬರು ಒಂದೇ ಒಂದು ಎಳೆ ಎಳೆಯಬಹುದು. ಎಳೆದದ್ದನ್ನು ತಿದ್ದುವ ಹಾಗಿಲ್ಲ. ಯಾರು ಅಂತ ಹೆಸರು ಬರುವುದಿಲ್ಲ, ಊರು ಮಾತ್ರ ಬರುತ್ತೆ. ಹಾಸನದವಳು ಬಿಟ್ಟ ಎಳೆಯನ್ನು ಮಸ್ಕತ್‌ನವಳು ಮುಂದುವರಿಸುತ್ತಾಳೆ. ಬೆಳಿಗ್ಗೆ ಆರು ಗಂಟೆಗೆ ಎಲ್ಲ ಒರೆಸಿ ಮತ್ತೆ ಬರೀ ಚುಕ್ಕಿ. ನಾನು ನೋಡಿದಾಗ ಒಂದು ಮೂಲೆ ಕೆಟ್ಟು ಕೆರ ಹಿಡಿದಿತ್ತು, ಇನ್ನೊಂದು ಮೂಲೆಯಲ್ಲಿ ಎಳೆಗಳು ಎಷ್ಟು ಚೆನ್ನಾಗಿ ಕೂಡಿದ್ದವು ಅಂದರೆ ಯಾರೋ ಅನುಭವಸ್ಥೆ ಬಂದು ಹೋಗಿದ್ದಾಳೆ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಇದನ್ನು ಅಚ್ಚು ಹಾಕಿದರೆ ಕೆಟ್ಟ ರಂಗೋಲಿ. ನಮ್ಮ ಪತ್ರಿಕೆಯ ರಂಗೋಲಿ ಪುಟಕ್ಕೆ ಕಳಿಸಿದರೆ ಖಂಡಿತ ವಾಪಸು ಬರುತ್ತೆ!

ಬುದ್ಧಿ ಹೇಳುವ ಕೆಲಸ ಬಾಕಿಯೇ ಉಳಿಯಿತು. ಅಕ್ಕನಿಗೆ ಫೋನು ಮಾಡಿ, "ಇದು ಕಲೆಯೇ ಕಣೇ, ಬೇರೇ ಥರದ್ದು. ಇದರಿಂದ ಅವಳಿಗೆ ಅನ್ನ ಹುಟ್ಟುತ್ತೋ ಇಲ್ಲವೋ ಅದು ಬೇರೆ ಪ್ರಶ್ನೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ" ಅಂದೆ. ಅವಳು ಫೋನು ಇಟ್ಟುಬಿಟ್ಟಳು. ನಾಲ್ಕು ದಿನ ಮಾತಿಲ್ಲ.

ಅಕ್ಕನಿಗೆ ಮಂಡಿನೋವು. ಎರಡು ವರ್ಷವಾಯಿತು ಬಗ್ಗಿ ರಂಗೋಲಿ ಇಟ್ಟು. ಬಾಗಿಲಿಗೆ ಸ್ಟಿಕರ್ ಅಂಟಿಸಿಕೊಂಡಿದ್ದಾಳೆ, ನೋಡಿದಾಗಲೆಲ್ಲ ಮುಖ ಸಿಂಡರಿಸುತ್ತಾಳೆ. ಐದನೇ ದಿನ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಫೋನು. ಯಾರಿಗೆ ಏನಾಯಿತೋ ಅಂತ ಎದೆ ಧಸಕ್ಕೆಂದಿತು.

"ಯಾರೇ ಅವಳು ಮಸ್ಕತ್‌ನವಳು? ಎಳೆ ಸುತ್ತೋದಕ್ಕೂ ಬರಲ್ಲ! ನಾನು ರಾತ್ರಿ ಹಾಕಿದ್ದರ ಪಕ್ಕಕ್ಕೇ ತಂದು ಕೆಡಿಸಿದಾಳೆ. ಸರಿ ಮಾಡೋಣ ಅಂದರೆ ಒಬ್ಬೊಬ್ಬರಿಗೆ ಒಂದೇ ಅಂತೆ. ಪಕ್ಕದ ಮನೆಯವಳನ್ನ ಎಬ್ಬಿಸಿ ಅವಳ ಫೋನಿಂದ ಎಳೀತಿದ್ದೆ, ಅಷ್ಟರಲ್ಲಿ ಎಲ್ಲ ಹೋಯಿತು. ಅವಳಿಗೆ ಹೇಳು, ಆರೂವರೆಗೆ ಅಳಿಸಲಿ. ಆರಕ್ಕೆ ಯಾರಿಗೆ ಆಗುತ್ತೆ?"

"ನೀನೇ ಹೇಳೇ, ನಿನ್ನ ಮಗಳಲ್ಲವೇ" ಅಂದೆ.

"ನಾನು ಅವಳ ಹತ್ತಿರ ಮಾತಾಡ್ತಿಲ್ಲ" ಅಂದಳು ಅಕ್ಕ.